ಹಳೇ ಗಿರಾಕಿಗಳು ನಮ್ಮನ್ನು ಮರೆಯದಿರಲು ಏನು ಮಾಡಬೇಕು? ಕಸುಬುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್, ಗಾರೆ ಕೆಲಸದವರು, ಏಸಿ ಮೆಕ್ಯಾನಿಕ್. ಹೀಗೆ ಮನೆಗೆ ಹೋಗಿ ಕೆಲಸ ಮಾಡಿಕೊಡುವವರು ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೇಳಿದವರ ಮಾತನ್ನೇ ತಲೆಬರಹ ಮಾಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಯೋಚನೆಗೆ ಹಚ್ಚುವಂಥವು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಮೊದಮೊದಲ ಪ್ರಶ್ನೆಗಳು

ಕೆಲಸ ಚೆನ್ನಾಗಿ ಮಾಡಿದ್ರೆ ಸಾಕಲ್ವಾ? ಜನ ತಾವಾಗೇ ನೆನಪಿಟ್ಟುಕೊಳ್ಳಲ್ವಾ?

ಕೆಲಸ ಚೆನ್ನಾಗಿರಲೇಬೇಕು. ಅದಿಲ್ಲದಿದ್ದರೆ ಕೆಳಗಿನ ಯಾವ ಉತ್ತರವೂ ಉಪಯೋಗಕ್ಕೆ ಬರುವುದಿಲ್ಲ. ಆದರೆ ಈ ಕಸುಬುಗಳಲ್ಲಿ ಒಂದು ತೊಡಕಿದೆ. ಕೆಲಸ ಎಷ್ಟು ಚೆನ್ನಾಗಿ ಆಗುತ್ತದೋ ಅಷ್ಟು ಬೇಗ ಅದು ಮನಸ್ಸಿನಿಂದ ಜಾರುತ್ತದೆ. ತೊಟ್ಟಿಕ್ಕುವ ನಲ್ಲಿ ರಾತ್ರಿಯೆಲ್ಲ ಕೇಳಿಸುತ್ತದೆ. ರಿಪೇರಿಯಾದ ನಲ್ಲಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಮರೆವು ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಲ್ಲೇ ಪ್ರಕಟಿಸಿದರು. ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಮರೆವು ಮೊದಲಲ್ಲಿ ಭಾರಿ ವೇಗ, ಆಮೇಲೆ ನಿಧಾನ. ಒಂದೇ ದಿನ ಹತ್ತಾರು ಸಲ ಓದುವುದಕ್ಕಿಂತ, ನಡುವೆ ಬಿಡುವು ಕೊಟ್ಟು ಓದಿದ್ದು ಚೆನ್ನಾಗಿ ಉಳಿಯುತ್ತದೆ ಎನ್ನುವುದನ್ನೂ ಅವರು ಕಂಡುಕೊಂಡರು. ಗಿರಾಕಿಗೆ ನಿಮ್ಮ ಹೆಸರು, ಹತ್ತು ಅಂಕಿಯ ನಂಬರು, ಎರಡೂ ಅಂಥ ಅರ್ಥವಿಲ್ಲದ ಉಚ್ಚಾರಗಳೇ. ಅವರು ಮರೆತರೆ ಅದು ಅಸಡ್ಡೆಯಲ್ಲ, ಮನುಷ್ಯರ ತಲೆ ಇರುವುದೇ ಹಾಗೆ. ಹಾಗಾಗಿ ನೆನಪಿಡುವ ಕೆಲಸವನ್ನು ಅವರ ಮೇಲೆ ಬಿಡಬೇಡಿ. ಅದನ್ನು ನಿಮ್ಮ ಕೆಲಸದ ಒಂದು ಭಾಗ ಅಂದುಕೊಳ್ಳಿ. ಈ ಪುಟದಲ್ಲಿ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಖುಷಿಯಾಗಿ ದುಡ್ಡು ಕೊಟ್ಟ ಗಿರಾಕಿ ಮುಂದಿನ ಸಲ ಬೇರೆಯವರನ್ನ ಕರೆದರು. ನಾನೇನು ತಪ್ಪು ಮಾಡಿದೆ?

ಬಹುಶಃ ಏನೂ ಇಲ್ಲ. ಪೈಪು ಒಡೆದು ಮನೆಯೆಲ್ಲ ನೀರಾದಾಗ ಯಾರೂ ಹಳೇ ಬಿಲ್ಲು ಹುಡುಕುತ್ತಾ ಕೂರುವುದಿಲ್ಲ. ಫೋನಿನಲ್ಲಿ ಒಂದು ನಿಮಿಷ ಹುಡುಕುತ್ತಾರೆ, ಸಿಗದಿದ್ದರೆ ಪಕ್ಕದ ಮನೆಯವರನ್ನು ಕೇಳುತ್ತಾರೆ. ಪಕ್ಕದ ಮನೆಯವರಿಗೆ ಗೊತ್ತಿರುವ ಮನುಷ್ಯ ಬರುತ್ತಾರೆ. ಅಷ್ಟೇ.

ಇನ್ನೆರಡು ಕಾರಣಗಳಿವೆ, ಇವು ನಮ್ಮ ಗಮನಕ್ಕೆ ಬರುವುದೇ ಕಡಿಮೆ. ಒಂದು, ನೀವು ಆ ಕೆಲಸವನ್ನೂ ಮಾಡುತ್ತೀರಿ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಬಾಗಿಲು ಮಾಡಿಕೊಟ್ಟ ಬಡಗಿ ಅಡುಗೆಮನೆಯ ಕಪಾಟಿನ ಕೀಲೂ ಸರಿಮಾಡುತ್ತಾರಾ ಅಂತ ಜನ ಊಹಿಸುವುದಿಲ್ಲ. ಎರಡು, ಕೆಲಸ ತೀರಾ ಚಿಕ್ಕದು, ಅಷ್ಟು ದೊಡ್ಡ ಕೆಲಸ ಮಾಡಿದವರನ್ನು ಇದಕ್ಕೆ ಕರೆಯುವುದು ಹೇಗೆ ಅಂತ ಸಂಕೋಚ. ಇವೆರಡಕ್ಕೂ ಮದ್ದು ಒಂದೇ: ಹೊರಡುವಾಗ ಬಾಯಿಬಿಟ್ಟು ಹೇಳುವುದು. "ಕೀಲು, ಚಿಲಕದಂಥ ಚಿಕ್ಕ ಕೆಲಸಕ್ಕೂ ಬರ್ತೀನಿ, ಸಂಕೋಚ ಬೇಡ."

ನನ್ನ ನಂಬರ್ ಅವರ ಫೋನಲ್ಲಿ ಇದ್ದೂ ಸಿಗಲ್ಲ ಅಂತಾರೆ. ಅದು ಹೇಗೆ?

ಜನ ನಿಮ್ಮನ್ನು ಹುಡುಕುವುದು ನಿಮ್ಮ ಹೆಸರಿನಿಂದ ಅಲ್ಲ, ಕೆಲಸದ ಹೆಸರಿನಿಂದ. ಎರಡು ವರ್ಷದ ಹಿಂದೆ ಬರೀ ಹೆಸರು ಹಾಕಿ ಸೇವ್ ಮಾಡಿಕೊಂಡಿದ್ದರೆ, ಅದೇ ಹೆಸರಿನ ಇನ್ನೂ ನಾಲ್ಕು ಜನ ಆ ಫೋನಿನಲ್ಲಿರುತ್ತಾರೆ. ಯಾರು ಯಾರು ಅಂತ ಅವರಿಗೇ ಗೊತ್ತಾಗುವುದಿಲ್ಲ.

ಇದಕ್ಕೆ ಸುಲಭದ ದಾರಿ ಇದೆ. ನಿಮ್ಮದೇ ನಂಬರನ್ನು ನಿಮ್ಮ ಫೋನಿನಲ್ಲಿ ಹೆಸರಿನ ಜೊತೆ "ಪ್ಲಂಬರ್" ಅಂತ ಸೇರಿಸಿ ಸೇವ್ ಮಾಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ಆ ಕಾಂಟ್ಯಾಕ್ಟನ್ನು ಗಿರಾಕಿಗೆ ವಾಟ್ಸಾಪಿನಲ್ಲಿ ಕಳಿಸಿ. ಒಂದು ಸಲ ಒತ್ತಿದರೆ ನೀವು ಬರೆದ ಹಾಗೇ ಅವರ ಫೋನಿಗೆ ಸೇರುತ್ತದೆ. ಅವರ ಎದುರಿಗಿದ್ದಾಗಲೇ ಕಳಿಸಿ. ಮನೆಗೆ ಹೋಗಿ ಕಳಿಸಿದ್ದು ಉಳಿದ ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ.

ಜೊತೆಗೆ ಮಾಡಿದ ಕೆಲಸದ ಒಂದು ಫೋಟೋ, ಅದರ ಕೆಳಗೆ ಎರಡು ಸಾಲು. "ಪ್ಲಂಬರ್. ಮೇಲಿನ ಟ್ಯಾಂಕಿನ ವಾಲ್ವ್ ಬದಲಾಯಿಸಿದ್ದು. ನಲ್ಲಿ, ಪೈಪ್, ಮೋಟಾರ್ ಕೆಲಸ ಮಾಡ್ತೀನಿ." ವಾಟ್ಸಾಪಿನ ಹುಡುಕಾಟ ಮೆಸೇಜಿನ ಒಳಗಿನ ಪದಗಳನ್ನೂ ನೋಡುತ್ತದೆ. ಅವರು ನಂಬರು ಸೇವ್ ಮಾಡಿಕೊಳ್ಳದಿದ್ದರೂ, ನಾಳೆ "ಮೋಟಾರ್" ಅಂತ ಹುಡುಕಿದರೆ ನಿಮ್ಮ ಚಾಟ್ ಸಿಗುತ್ತದೆ. ಹಲವರು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಆದ್ದರಿಂದ ಆ ಪದಗಳನ್ನು ಎರಡೂ ಲಿಪಿಯಲ್ಲಿ ಬರೆಯಿರಿ.

ಮತ್ತೆ, ನಂಬರ್ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಹಳೆಯದನ್ನು ಕೆಲವು ವರ್ಷ ಜೀವಂತ ಇಟ್ಟುಕೊಳ್ಳಿ.

ವಿಸಿಟಿಂಗ್ ಕಾರ್ಡ್ ಈಗಲೂ ಬೇಕಾ?

ಬೇಕು, ಆದರೆ ಗಿರಾಕಿಗಲ್ಲ, ಗಿರಾಕಿಯ ಪರಿಚಯದವರಿಗೆ. ಎರಡು ಕಾರ್ಡ್ ಕೊಡಿ. ಒಂದು ಕಳೆದುಹೋಗುತ್ತದೆ, ಇನ್ನೊಂದು ಯಾರಾದರೂ ಕೇಳಿದಾಗ ಕೈ ಬದಲಾಯಿಸುತ್ತದೆ. ಮನೆಯವರ ನೆನಪಿಗೆ ಕಾರ್ಡಿಗಿಂತ ಸ್ಟಿಕ್ಕರ್ ವಾಸಿ.

ಸ್ಟಿಕ್ಕರ್ ಎಲ್ಲಿ ಅಂಟಿಸಿದ್ರೆ ಒಳ್ಳೇದು? ಅದರಲ್ಲಿ ಏನು ಬರೀಬೇಕು?

ತೊಂದರೆ ಬಂದಾಗ ಅವರ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿ. ಕರೆಂಟ್ ಹೋದರೆ ಸ್ವಿಚ್ ಬೋರ್ಡಿನ ಬಾಗಿಲು ತೆಗೆಯುತ್ತಾರೆ, ಅದರ ಒಳಬದಿ. ನೀರು ಬರದಿದ್ದರೆ ಮೋಟಾರಿನ ಸ್ಟಾರ್ಟರ್ ಹತ್ತಿರ ಹೋಗುತ್ತಾರೆ. ಸಿಂಕ್ ಕಟ್ಟಿಕೊಂಡರೆ ಕೆಳಗಿನ ಕಪಾಟು ತೆರೆಯುತ್ತಾರೆ. ಬಡಗಿಯಾದರೆ ವಾರ್ಡ್‌ರೋಬಿನ ಬಾಗಿಲಿನ ಒಳಗಡೆ ಮೇಲ್ಮೂಲೆ. ಎದ್ದು ಕಾಣುವ ಜಾಗ, ಮುಂಬಾಗಿಲು, ಗೇಟು, ಇವು ಬೇಡವೇ ಬೇಡ. ಅದು ಅವರ ಮನೆ, ನಿಮ್ಮ ಬೋರ್ಡ್ ಅಲ್ಲ. ಎಲ್ಲಿ ಅಂಟಿಸಿದರೂ "ಇಲ್ಲಿ ಹಾಕಬಹುದಾ?" ಅಂತ ಕೇಳಿಯೇ ಅಂಟಿಸಿ. ಯಂತ್ರದ ಎಚ್ಚರಿಕೆ ಬರಹ, ಮಾಡೆಲ್ ನಂಬರಿನ ಫಲಕ, ಗಾಳಿ ಕಿಂಡಿ, ಬಿಸಿಯಾಗುವ ಮೈ, ಇವುಗಳ ಮೇಲೆ ಹಾಕಬಾರದು.

ಬರೆಯುವುದರಲ್ಲಿ ಹೆಸರು, ಕಸುಬು, ದೊಡ್ಡ ಅಕ್ಷರದಲ್ಲಿ ನಂಬರು ಇದ್ದೇ ಇರುತ್ತದೆ. ಆದರೆ ಆ ಸ್ಟಿಕ್ಕರನ್ನು ಕಿತ್ತು ಬಿಸಾಡದಂತೆ ಮಾಡುವುದು ಕೈಯಲ್ಲಿ ಬರೆದ ಮೂರು ವಿಷಯ: ಕೆಲಸ ಮಾಡಿದ ದಿನ, ಏನು ಬದಲಾಯಿಸಿದ್ದು, ಮತ್ತೆ ಯಾವಾಗ ನೋಡಬೇಕು. ಇಷ್ಟಿದ್ದರೆ ಅದು ಜಾಹೀರಾತಲ್ಲ, ಆ ಯಂತ್ರದ ದಾಖಲೆ. ದಾಖಲೆಯನ್ನು ಯಾರೂ ಕೀಳುವುದಿಲ್ಲ.

ಯಾವುದರಿಂದ ಮಾಡಿಸುತ್ತೀರಿ ಎನ್ನುವುದೂ ಮುಖ್ಯ. ಅಂಗಡಿ ಬಿಲ್ಲಿನಂಥ ಥರ್ಮಲ್ ಕಾಗದ ಬಿಸಿಗೆ, ಬೆಳಕಿಗೆ ಮಾಸಿ ಬೆಳ್ಳಗಾಗುತ್ತದೆ. ಇಂಕ್‌ಜೆಟ್ ಪ್ರಿಂಟಿನ ಬಣ್ಣ ಸಾಮಾನ್ಯವಾಗಿ ನೀರು ತಾಗಿದರೆ ಹರಡುತ್ತದೆ. ಮಾಮೂಲಿ ಮಾರ್ಕರ್ ಬರಹ ಬಿಸಿಲಿಗೆ ಅಳಿಸುತ್ತದೆ. ವಿನೈಲ್ ಸ್ಟಿಕ್ಕರ್ ಮಾಡಿಸಿ, ಬರೆದ ಜಾಗದ ಮೇಲೆ ಅಗಲವಾದ ಪಾರದರ್ಶಕ ಟೇಪ್ ಹಚ್ಚಿ.

ಕ್ಯೂಆರ್ ಕೋಡ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಹಾಕಬಹುದು. 1994ರಲ್ಲಿ ಜಪಾನಿನ ಕಂಪನಿ ಡೆನ್ಸೋ ವೇವ್‌ನಲ್ಲಿ ಇದನ್ನು ರೂಪಿಸಿದ್ದು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಹಾಗಾಗಿ ಕೊಳೆ, ಗೀರು ತಡೆದುಕೊಳ್ಳುವ ಗುಣ ಅದರಲ್ಲೇ ಇದೆ. ಹಾಳಾದ ಭಾಗವನ್ನು ತಾನೇ ಸರಿಪಡಿಸಿಕೊಂಡು ಓದಿಸುವ ಗುಣವನ್ನು (ತಿದ್ದುಪಡಿ ಮಟ್ಟ) ಅತಿ ಹೆಚ್ಚಿಗೆ ಇಟ್ಟು ಮಾಡಿಸಿದರೆ ಸುಮಾರು 30 ಶೇಕಡಾ ಹಾಳಾದರೂ ಓದುತ್ತದೆ. ಆದರೆ ತಿಂಗಳ ಬಾಡಿಗೆ ಕಟ್ಟಬೇಕಾದ ಕಂಪನಿಗಳ ಕೋಡ್ ಬೇಡ. ನೀವು ದುಡ್ಡು ಕಟ್ಟುವುದು ನಿಲ್ಲಿಸಿದ ದಿನ ಎಲ್ಲ ಮನೆಯ ಸ್ಟಿಕ್ಕರೂ ಸತ್ತ ಹಾಗೆ. ನಿಮ್ಮ ನಂಬರನ್ನೇ ನೇರವಾಗಿ ಒಳಗೆ ಇಟ್ಟ ಕೋಡ್ ಮಾಡಿಸಿ, ಪಕ್ಕದಲ್ಲಿ ಅಂಕಿಗಳಲ್ಲೂ ಬರೆಸಿ.

## ಕೆಲಸದ ದಿನದ ಬಗ್ಗೆ

ಇಡೀ ದಿನ ಕೆಲಸ ಮಾಡಿರ್ತೀವಿ. ಅವರ ತಲೇಲಿ ಉಳಿಯೋದು ಯಾವುದು?

ಹೆಚ್ಚಾಗಿ ಎರಡು ಕ್ಷಣ. ಅತಿ ತೀವ್ರವಾಗಿ ಅನಿಸಿದ ಒಂದು ಕ್ಷಣ, ಮತ್ತು ಕೊನೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಜನರಿಗೆ ಒಂದು ಸಲ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಲು ಹೇಳಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಕೊನೆಯ ಹೊತ್ತಿನಲ್ಲಿ ನೀರನ್ನು ನಿಧಾನಕ್ಕೆ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಒಟ್ಟು ನೋವು ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ.

ಮನೆ ಕೆಲಸದಲ್ಲಿ ಕೊನೆ ಅಂದರೆ ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲರಿಗೂ ಸುಸ್ತು. ಧೂಳು ಅಲ್ಲೇ, ತುಂಡು ವೈರ್ ಅಲ್ಲೇ, ದುಡ್ಡಿನ ಮಾತು, ಚೀಲ ಕಟ್ಟಿ ಹೊರಡುವ ಅವಸರ. ದಿನವಿಡೀ ಮಾಡಿದ ಒಳ್ಳೇ ಕೆಲಸ ಇಲ್ಲಿ ಸೋರಿಹೋಗುತ್ತದೆ. ಅದಕ್ಕೆ ಕೊನೆಯ ಕಾಲು ಗಂಟೆಯನ್ನು ಮೊದಲೇ ತೆಗೆದಿಡಿ. ಗುಡಿಸಿ, ಒರೆಸಿ. ಸರಿಸಿದ ಸಾಮಾನು ಮೊದಲಿದ್ದ ಜಾಗಕ್ಕೆ ಹೋಗಲಿ. ಆಮೇಲೆ ಮನೆಯವರನ್ನು ಕರೆದು ಅವರ ಕೈಯಲ್ಲೇ ಸ್ವಿಚ್ ಹಾಕಿಸಿ, ನಲ್ಲಿ ತಿರುಗಿಸಲು ಹೇಳಿ. ಕಳಚಿದ ಹಳೇ ಭಾಗ ತೋರಿಸಿ, ಎಲ್ಲಿ ಸವೆದಿತ್ತು ಅಂತ ಹೇಳಿ. ದುಡ್ಡಿನ ಮಾತು ಇದೆಲ್ಲದರ ಮೊದಲು ಮುಗಿದಿದ್ದರೆ ಇನ್ನೂ ಒಳ್ಳೇದು. ಕೊನೆಯ ಮಾತು ಲೆಕ್ಕದ್ದಾಗಬಾರದು, ಕೆಲಸದ್ದಾಗಬೇಕು.

ಒಂದು ಉಪಕಾರವನ್ನು ನಾನು ಎಲ್ಲ ಪ್ಲಂಬರ್‌ಗಳಿಗೂ ಎಲೆಕ್ಟ್ರಿಷಿಯನ್‌ಗಳಿಗೂ ಹೇಳುತ್ತೇನೆ. ಮನೆಗೆಲ್ಲ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ, ಕರೆಂಟ್ ಪೂರ್ತಿ ಆಫ್ ಮಾಡುವ ಮೇನ್ ಯಾವುದು ಅಂತ ಮನೆಯವರಿಗೆ ತೋರಿಸಿ. ಬಹಳ ಜನರಿಗೆ ಇದು ಗೊತ್ತಿರುವುದಿಲ್ಲ. ಮುಂದೆ ಅದನ್ನು ಬಳಸಬೇಕಾಗಿ ಬಂದ ದಿನ, ತೋರಿಸಿಕೊಟ್ಟವರೇ ಮೊದಲು ನೆನಪಾಗುತ್ತಾರೆ.

ನಂಗೆ ಮಾತು ಕಡಿಮೆ. ನಗ್ತಾ ಹರಟೋಕೆ ಬರಲ್ಲ. ನನ್ನಂಥವರನ್ನ ಯಾರು ನೆನಪಿಟ್ಟುಕೊಳ್ತಾರೆ?

ಹರಟೆ ಬೇಡ. ತಡವಾದರೆ ಹೇಳಿದ ಹೊತ್ತಿಗೆ ಮೊದಲೇ ಫೋನ್ ಮಾಡುವುದು, ಒಳಗೆ ಬರುವ ಮುಂಚೆ ಚಪ್ಪಲಿ ಬಿಡಬೇಕಾ ಅಂತ ಕೇಳುವುದು, ಕೊರೆಯುವ ಮುಂಚೆ ಸೋಫಾ ಮೇಲೆ ಬಟ್ಟೆ ಹೊದಿಸುವುದು. ಇದಕ್ಕೆ ಮಾತು ಎಷ್ಟು ಬೇಕು? ಕಾಯಿಸದ ಕಸುಬುದಾರರನ್ನು ಜನ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಹಳೇ ಗಿರಾಕಿಗಳ ವಿವರ ಹೇಗೆ ಇಡಬೇಕು? ನೋಟ್‌ಬುಕ್ ಸಾಕಾ, ಆ್ಯಪ್ ಬೇಕಾ?

ನೋಟ್‌ಬುಕ್ ಧಾರಾಳ ಸಾಕು. ಆ್ಯಪ್ ಬಳಸಿ ರೂಢಿ ಇದ್ದರೆ ಅದೂ ಸರಿ. ಎರಡರಲ್ಲೂ ಸೋಲುವುದು ಒಂದೇ ಕಾರಣಕ್ಕೆ: ರಾತ್ರಿ ಬರೆಯೋಣ ಅಂದುಕೊಳ್ಳುವುದು. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬರೆಯಿರಿ, ಇಲ್ಲವಾದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ.

ಬರೆಯುವುದೇನು? ಹೆಸರು, ವಿಳಾಸ, ದಿನಾಂಕ, ಮಾಡಿದ ಕೆಲಸ. ಅದರ ಜೊತೆಗೆ ಮತ್ತೆ ಹೋದಾಗ ನಿಮ್ಮ ಕೈ ಹಿಡಿಯುವ ವಿವರ. ಪೇಂಟರ್ ಆದರೆ ಪ್ರತಿ ಗೋಡೆಯ ಬಣ್ಣದ ಕೋಡ್, ಬ್ರ್ಯಾಂಡ್, ಹೊಳಪಿನದೋ ಮಬ್ಬಿನದೋ. ಟೈಲ್ಸ್ ಕೆಲಸವಾದರೆ ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್, ಯಾಕೆಂದರೆ ಒಂದೇ ಡಿಸೈನಿನ ಬೇರೆ ಬ್ಯಾಚಿನಲ್ಲಿ ಬಣ್ಣ ಸ್ವಲ್ಪ ಬೇರೆ ಬರಬಹುದು. ಬಡಗಿಯಾದರೆ ಲ್ಯಾಮಿನೇಟ್ ನಂಬರ್, ಕೀಲಿನ ಅಳತೆ. ಪ್ಲಂಬರ್ ಆದರೆ ಪೈಪಿನ ಅಳತೆ, ಗೋಡೆ ಮುಚ್ಚುವ ಮುಂಚೆ ತೆಗೆದ ಫೋಟೋ. ಈ ಫೋಟೋ ಬಂಗಾರ. ಮೂರು ವರ್ಷ ಬಿಟ್ಟು ಅವರು ಗೋಡೆಗೆ ಮೊಳೆ ಹೊಡೆಯಬೇಕಾದಾಗ, ಒಳಗೆ ಪೈಪ್ ಎಲ್ಲಿದೆ ಅಂತ ಗೊತ್ತಿರುವುದು ನಿಮಗೊಬ್ಬರಿಗೇ.

ಮತ್ತೆ ಕರೆ ಬಂದಾಗ ಈ ಪುಸ್ತಕದ ಬೆಲೆ ಗೊತ್ತಾಗುತ್ತದೆ. "ಹೇಳಿ ಮೇಡಂ, ಮಹಡಿ ಬಾತ್‌ರೂಮಿನ ಗೀಸರ್ ಅಲ್ವಾ ನಾವು ಹಾಕಿದ್ದು? ಈಗ ಹೇಗಿದೆ?" ಈ ಒಂದು ಮಾತು ಕೇಳಿದ ಮನೆಯವರು ಇನ್ನೊಬ್ಬರಿಗೆ ಮೊದಲಿಂದ ಎಲ್ಲ ವಿವರಿಸುವ ಗೋಜಿಗೆ ಹೋಗುವುದಿಲ್ಲ. ನಾವು ಅವರ ಮನೆಯನ್ನು ನೆನಪಿಟ್ಟುಕೊಂಡರೆ ಅವರು ನಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ. ಇದಕ್ಕಿಂತ ಗಟ್ಟಿ ದಾರಿ ನನಗೆ ಗೊತ್ತಿಲ್ಲ.

ಬರೆಯಬಾರದ್ದೂ ಇದೆ. ಮನೆ ಯಾವಾಗ ಖಾಲಿ ಇರುತ್ತದೆ, ಬೀಗದ ಕೈ ಎಲ್ಲಿಡುತ್ತಾರೆ, ಗೇಟಿನ ಕೋಡ್, ಮನೆಯೊಳಗಿನ ಜಗಳ, ಕಾಯಿಲೆ. ಪುಸ್ತಕ ಕಳೆದುಹೋದರೆ ಯಾರಿಗೂ ಕೇಡಾಗಬಾರದು. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದಿಡಿ.

## ಕೆಲಸ ಮುಗಿದ ಮೇಲೆ

ಆಮೇಲೆ ಫೋನ್ ಮಾಡಿದ್ರೆ ಕಿರಿಕಿರಿ ಅಂದ್ಕೊಳ್ಳಲ್ವಾ?

ವಾರದೊಳಗೆ ಒಂದು ಸಲ ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಕೇಳುವುದಕ್ಕೆ ಒಂದು ಖಚಿತ ವಿಷಯ ಇರಬೇಕು. "ಸುಮ್ನೆ ಫೋನ್ ಮಾಡಿದೆ" ಅಂದರೆ ಇನ್ನೇನು ಮಾರುತ್ತಾರೋ ಅಂತ ಅನುಮಾನ. "ಹೊಸ ಜಾಯಿಂಟಿನ ಹತ್ತಿರ ಒದ್ದೆ ಏನಾದರೂ ಕಾಣ್ತಿದೆಯಾ?" ಅಂದರೆ ಕಾಳಜಿ. ಕೆಲವರಿಗೆ ಭಯ, ಫೋನ್ ಮಾಡಿದರೆ ದೂರು ಎಳೆದುಕೊಂಡ ಹಾಗಾಗುತ್ತದೆ ಅಂತ. ದೂರು ಇದ್ದರೆ ಅದು ಇದ್ದೇ ಇದೆ. ನೀವು ಕೇಳದಿದ್ದರೆ ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಾರೆ.

ವರ್ಷಕ್ಕೆ ಎಷ್ಟು ಸಲ ನೆನಪಿಸಬೇಕು? ಏನಂತ ಬರೆಯೋದು?

ನಿಮಗೆ ಕೆಲಸ ಬೇಕಾದಾಗಲೆಲ್ಲ ಅಲ್ಲ, ಅವರ ಮನೆಯ ವಸ್ತುವಿಗೆ ಗಮನ ಬೇಕಾದಾಗ. ಪ್ರತಿ ವಸ್ತುವಿಗೂ ಅದರದೇ ಗಡುವು ಇದೆ. ನೀರಿನ ಟ್ಯಾಂಕ್ ವರ್ಷಕ್ಕೆ ಒಂದೆರಡು ಸಲ ತೊಳೆಯಬೇಕು. ಏಸಿಗೆ ಸೆಕೆ ಶುರುವಾಗುವ ಮುಂಚೆ ಸರ್ವಿಸ್ ಆಗಬೇಕು. ಟ್ಯಾಂಕ್ ಇರುವ ಗೀಸರುಗಳಲ್ಲಿ ಸಾಮಾನ್ಯವಾಗಿ ಆನೋಡ್ ಎಂಬ ಲೋಹದ ಕಡ್ಡಿ ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಅದು ತಾನೇ ಕರಗುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ತೆಗೆದು ನೋಡದಿದ್ದರೆ ಮುಂದೆ ಕರಗುವುದು ಟ್ಯಾಂಕೇ. ಹೊರಗಿನ ಮರದ ಬಾಗಿಲಿಗೆ ಆಗಾಗ ಎಣ್ಣೆಯೋ ಪಾಲಿಶೋ ಬೇಕು. ಮಳೆಗಾಲದ ಮುಂಚೆ ತಾರಸಿಯ ನೀರು ಹೋಗುವ ಕಿಂಡಿ ಸ್ವಚ್ಛ ಇದೆಯಾ ನೋಡಬೇಕು.

ಈ ಗಡುವುಗಳನ್ನು ಪುಸ್ತಕದಲ್ಲಿ ತಿಂಗಳ ಪ್ರಕಾರ ಬರೆದಿಟ್ಟುಕೊಂಡರೆ ಯಾರಿಗೆ ಯಾವಾಗ ಮೆಸೇಜ್ ಕಳಿಸಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ಹೆಚ್ಚಿನ ಮನೆಗೆ ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಅಷ್ಟು ಸಾಕು.

ಮೆಸೇಜ್ ಹೀಗಿರಲಿ: "ನಮಸ್ಕಾರ ಸರ್, ಗೀಸರ್ ಹಾಕಿದ್ದ ಎಲೆಕ್ಟ್ರಿಷಿಯನ್ ನಾನು. ಹಾಕಿ ಎರಡು ವರ್ಷ ಆಯಿತು, ಒಳಗಿನ ಕಡ್ಡಿ ಒಂದು ಸಲ ನೋಡಿಸಿದರೆ ಒಳ್ಳೆಯದು. ನಾನೇ ಬರಬೇಕು ಅಂತೇನಿಲ್ಲ, ಯಾರಿಂದಾದರೂ ನೋಡಿಸಿ." ಆ ಕೊನೆಯ ವಾಕ್ಯ ಬರೆಯುವುದಕ್ಕೆ ಹಲವರು ಹಿಂಜರಿಯುತ್ತಾರೆ. ಬರೆಯಿರಿ. ಅದಿದ್ದಾಗಲೇ ಮೆಸೇಜ್ ಅವರ ಒಳ್ಳೆಯದಕ್ಕೆ ಬಂದದ್ದು ಅಂತ ಗೊತ್ತಾಗುವುದು.

ಕೆಲಸವೇ ಬೇಡದ ಮಾಹಿತಿಯನ್ನೂ ಕಳಿಸಬಹುದು. ಬೋರ್ಡಿನಲ್ಲಿರುವ, ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು, ಒತ್ತಿದ ಕೂಡಲೇ ಕರೆಂಟ್ ಕಟ್ ಆಗಬೇಕು, ಆಗದಿದ್ದರೆ ಶಾಕ್ ಹೊಡೆದಾಗಲೂ ಅದು ಕಾಪಾಡುವುದಿಲ್ಲ. ಇಂಥದ್ದು ಒಂದು ಜೀವ ಉಳಿಸಬಹುದು. ನೆನಪಿನ ಲೆಕ್ಕ ಬಿಟ್ಟು ಸುಮ್ನೆ ಕಳಿಸಿದರೂ ಸರಿ.

ವಾಟ್ಸಾಪ್ ಗ್ರೂಪ್ ಮಾಡ್ಲಾ, ಬ್ರಾಡ್‌ಕಾಸ್ಟಾ, ಸ್ಟೇಟಸ್ಸಾ?

ಗ್ರೂಪ್ ಬೇಡ. ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಅವರು ಒಪ್ಪಿಗೆ ಕೊಟ್ಟಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರುತ್ತದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಸ್ಟೇಟಸ್ ಕೂಡ ಇಬ್ಬರೂ ಪರಸ್ಪರ ನಂಬರ್ ಇಟ್ಟುಕೊಂಡಿದ್ದರೆ ಮಾತ್ರ ಕಾಣುತ್ತದೆ, 24 ಗಂಟೆಯಲ್ಲಿ ಮಾಯ. ಎಲ್ಲರಿಗೂ ಹೋಯಿತು ಅಂತ ನೀವು ನಿಶ್ಚಿಂತೆಯಿಂದ ಕೂತಿರುತ್ತೀರಿ, ನಿಮ್ಮನ್ನು ಮರೆತವರಿಗೆ ಅದು ಹೋಗಿರುವುದೇ ಇಲ್ಲ. ನಾನಾದರೆ ಗಡುವಿನ ಮೆಸೇಜನ್ನು ಒಬ್ಬೊಬ್ಬರಿಗೇ ಹೆಸರು ಹಿಡಿದು ಕಳಿಸುತ್ತೇನೆ. ಸ್ಟೇಟಸ್ಸಿಗೆ ಮಾಡಿದ ಕೆಲಸದ ಫೋಟೋ ಹಾಕಿ, ಮನೆಯವರನ್ನು ಕೇಳಿಕೊಂಡು.

2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಅದರಲ್ಲಿ ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು: "ಗೀಸರ್", "ಮೋಟಾರ್", "ಮತ್ತೆ ನೋಡಬೇಕು". ಕೈ ಕೆಲಸದಲ್ಲಿರುವಾಗ ತಾನಾಗೇ ಉತ್ತರ ಹೋಗುವ ಹಾಗೂ ಮಾಡಬಹುದು. ಯಾರಾದರೂ ಮೆಸೇಜ್ ಬೇಡ ಅಂದರೆ ಆ ದಿನವೇ ನಿಲ್ಲಿಸಿ, ಪುಸ್ತಕದಲ್ಲೂ ಗುರುತು ಹಾಕಿ.

ಪೆನ್ನು, ಕ್ಯಾಲೆಂಡರ್, ಕೀಚೈನ್ ಕೊಡೋದು ಉಪಯೋಗಾನಾ?

ನನಗೆ ಅಷ್ಟು ನಂಬಿಕೆ ಇಲ್ಲ. ಅದೇ ದುಡ್ಡಿನಲ್ಲಿ ನಿಮ್ಮ ಕೆಲಸಕ್ಕೆ ಸೇರಿದ ವಸ್ತು ಕೊಡಿ. ಪೇಂಟರ್ ಆದರೆ ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಮೇಲೆ ಯಾವ ಕೋಣೆ, ಕೋಡ್ ಯಾವುದು, ನಿಮ್ಮ ನಂಬರ್ ಬರೆದು ಕೊಡಿ. ಗೋಡೆಗೆ ಗೀರು ಬಿದ್ದ ದಿನ ಆ ಡಬ್ಬಿ ಹೊರಗೆ ಬರುತ್ತದೆ. ಪ್ಲಂಬರ್ ಆದರೆ ಆ ನಲ್ಲಿಗೇ ಸರಿಹೋಗುವ ಎರಡು ವಾಷರ್. ಟೈಲ್ಸ್‌ನವರು ನಾಲ್ಕು ಟೈಲ್ಸ್ ಕಟ್ಟಿ ಇಟ್ಟು ಬರಬಹುದು.

ರಿವ್ಯೂ ಬರೀರಿ ಅಂತ ಕೇಳೋಕೆ ಮುಜುಗರ. ಹೇಗೆ ಕೇಳೋದು?

ಕೆಲಸ ನೋಡಿ ಅವರು ಖುಷಿಪಟ್ಟ ಕ್ಷಣವೇ ಸರಿಯಾದ ಹೊತ್ತು. "ಏನು ಕೆಲಸ ಮಾಡಿದ್ದು ಅಂತ ಎರಡು ಸಾಲು ಬರೆದರೆ ಉಪಕಾರ" ಅನ್ನಿ, ಲಿಂಕ್ ಅಲ್ಲೇ ಕಳಿಸಿ. ರಿವ್ಯೂಗೆ ಬದಲಾಗಿ ದುಡ್ಡು, ರಿಯಾಯಿತಿ ಕೊಡುವುದನ್ನು ಗೂಗಲ್ ನಿಯಮ ಒಪ್ಪುವುದಿಲ್ಲ. ಬರೆದವರಿಗೆಲ್ಲ ಹೆಸರು ಹಿಡಿದು ಉತ್ತರಿಸಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಐದಾರು ವರ್ಷದಿಂದ ಯಾರ ಜೊತೆಗೂ ಮಾತಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಹೇಗೆ ಶುರು ಮಾಡೋದು?

ಹಳೇ ಬಿಲ್ಲು, ಫೋನಿನ ಫೋಟೋಗಳು, ವಾಟ್ಸಾಪ್ ಚಾಟ್, ಇವುಗಳಿಂದ ಪಟ್ಟಿ ಮಾಡಿ. ಫೋಟೋಗಳಲ್ಲಿ ದಿನಾಂಕ ಇರುತ್ತದೆ, ಕೆಲವು ಫೋನುಗಳಲ್ಲಿ ಜಾಗವೂ ಇರುತ್ತದೆ. ಎಲ್ಲರಿಗೂ ಒಂದೇ ದಿನ ಕಳಿಸಬೇಡಿ. ದಿನಕ್ಕೆ ನಾಲ್ಕೈದು ಜನ ಸಾಕು, ಉತ್ತರ ಬಂದರೆ ಮಾತಾಡುವುದಕ್ಕೆ ನಿಮಗೂ ಹೊತ್ತು ಬೇಕಲ್ಲ.

ಮೊದಲು ನೀವು ಯಾರು ಅಂತ ಕೆಲಸದ ಮೂಲಕ ಹೇಳಿ. "ನಿಮ್ಮ ಅಡುಗೆಮನೆ ಕಪಾಟು ಮಾಡಿದ್ದ ಬಡಗಿ ನಾನು" ಅಂತ ಬರೆದು, ಆಗಿನ ಫೋಟೋ ಇದ್ದರೆ ಜೊತೆಗೆ ಹಾಕಿ. ಆಮೇಲೆ ಒಂದು ಪ್ರಶ್ನೆ: "ಬಾಗಿಲುಗಳು ಸರಿಯಾಗಿ ಮುಚ್ಚುತ್ತಿವೆಯಾ? ಇಷ್ಟು ವರ್ಷಕ್ಕೆ ಕೀಲು ಸ್ವಲ್ಪ ಸಡಿಲ ಆಗುತ್ತೆ, ಸ್ಕ್ರೂ ಬಿಗಿ ಮಾಡಿದರೆ ಸಾಕು." ರಿಯಾಯಿತಿ, ಆಫರ್ ಅಂತ ಶುರು ಮಾಡಿದರೆ ಓದದೇ ಅಳಿಸುತ್ತಾರೆ. ಉತ್ತರ ಬರದಿದ್ದರೆ ಮತ್ತೆ ಕಳಿಸಬೇಡಿ, ಮುಂದಿನ ಗಡುವಿನವರೆಗೆ ಬಿಡಿ.

ಒಂದು ಮನೇಲಿ ಕೆಲಸ ಕೆಟ್ಟು ಜಗಳ ಆಗಿತ್ತು. ಅಲ್ಲಿಗೆ ಮತ್ತೆ ಹೋಗಬಹುದಾ?

ತಪ್ಪು ನಿಮ್ಮದಾಗಿದ್ದರೆ ಹೋಗಲೇಬೇಕು. ಈಗಾಗಲೇ ಬೇರೆಯವರಿಂದ ಸರಿಮಾಡಿಸಿಕೊಂಡಿರಬಹುದು, ಆದರೂ ಫೋನ್ ಮಾಡಿ. ಕಾರಣ ಹೇಳುತ್ತಾ ಕೂರಬೇಡಿ. ಏನು ಕೆಟ್ಟಿತ್ತು ಅಂತ ಗೊತ್ತಾಗಿದೆ, ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಕೊಡುತ್ತೇನೆ ಅಥವಾ ಅಷ್ಟು ಹಣ ವಾಪಸ್ ಕೊಡುತ್ತೇನೆ ಅನ್ನಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಅವರು ನಿಮ್ಮನ್ನು ಮರೆತಿರುವುದಿಲ್ಲ ಎನ್ನುವುದು ನೆನಪಿರಲಿ. ಕೆಟ್ಟದ್ದು ಒಳ್ಳೆಯದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಸರಿಪಡಿಸಿದ ಕಥೆಯಾದರೂ ಅದರ ಜೊತೆ ಸೇರಲಿ.

ನಾನು ಕಾಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡ್ತೀನಿ. ಮನೆಯವರಿಗೆ ನನ್ನ ನಂಬರ್ ಕೊಡಬಹುದಾ?

ಕಾಂಟ್ರಾಕ್ಟರ್ ತಂದ ಕೆಲಸ, ಅವರ ಗಿರಾಕಿ. ಗುಟ್ಟಾಗಿ ನಂಬರ್ ಕೊಡಬೇಡಿ, ಗೊತ್ತಾದ ದಿನ ಎರಡೂ ಕಡೆ ಹೆಸರು ಹೋಗುತ್ತದೆ. ನೇರವಾಗಿ ಕಾಂಟ್ರಾಕ್ಟರನ್ನೇ ಕೇಳಿ: "ಮುಂದೆ ಚಿಕ್ಕಪುಟ್ಟ ರಿಪೇರಿ ಬಂದರೆ ನಾನೇ ನೋಡಿಕೊಳ್ಳಬಹುದಾ?" ಚಿಕ್ಕ ಕೆಲಸ ಅವರಿಗೂ ತಲೆನೋವು, ಹಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಕಾಂಟ್ರಾಕ್ಟರೇ ಮತ್ತೆ ನಿಮ್ಮನ್ನು ಕರೆಯುವ ಹಾಗೆ ಮಾಡಿ. ಅವರೂ ಗಿರಾಕಿಯೇ ಅಲ್ವಾ.

ಮನೆ ಮಾರ್ತಾರೆ, ಬಾಡಿಗೆಯವರು ಬದಲಾಗ್ತಾರೆ. ಆಗ ನನ್ನ ಗಿರಾಕಿ ಯಾರು?

ಇಬ್ಬರೂ. ಮನೆ ಅಲ್ಲೇ ಇರುತ್ತದೆ, ಸ್ಟಿಕ್ಕರ್ ಹೊಸಬರಿಗೆ ನಿಮ್ಮನ್ನು ಪರಿಚಯಿಸುತ್ತದೆ. ಹೋದವರ ಫೋನಿನಲ್ಲಿ ನಿಮ್ಮ ನಂಬರ್ ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಪುಸ್ತಕದಲ್ಲಿ ಮನೆಗೊಂದು ಪುಟ ಇಡಿ, ಅದರೊಳಗೆ ಜನರ ಹೆಸರು. ಬಾಡಿಗೆ ಮನೆಯಾದರೆ ಮಾಲೀಕರ ನಂಬರನ್ನೂ ಕೇಳಿಟ್ಟುಕೊಳ್ಳಿ, ಕೆಲಸದ ಫೋಟೋ ಅವರಿಗೂ ಕಳಿಸಿ. ದುಡ್ಡು ಕೊಡುವವರು ಕೆಲಸ ನೋಡಿರುವುದೇ ಇಲ್ಲ ಅನ್ನುವುದು ಬಾಡಿಗೆ ಮನೆಗಳಲ್ಲಿ ಮಾಮೂಲು.

ಹಳಬರು ಕರೆದಾಗ ಕೈತುಂಬ ಕೆಲಸ. ಇಲ್ಲ ಅಂದ್ರೆ ಕಳ್ಕೊಂಡ ಹಾಗಲ್ವಾ?

ಇಲ್ಲ ಅಂದರೆ ಕಳೆದುಕೊಳ್ಳುವುದಿಲ್ಲ. ಫೋನ್ ಎತ್ತದಿದ್ದರೆ, "ನಾಳೆ ಬರ್ತೀನಿ" ಅಂತ ನಾಲ್ಕು ದಿನ ಎಳೆದರೆ ಕಳೆದುಕೊಳ್ಳುತ್ತೀರಿ. ಅದೇ ದಿನ ಹೇಳಿ: ಗುರುವಾರದ ತನಕ ಆಗಲ್ಲ, ಅವಸರ ಇದ್ದರೆ ಇವರನ್ನು ಕರೆಯಿರಿ. ನೀವು ನಂಬುವ ಇನ್ನೊಬ್ಬರ ಹೆಸರು ಕೊಡುವುದಕ್ಕೆ ಹೆದರಬೇಡಿ. ಆಮೇಲೆ ಕೆಲಸ ಸರಿಯಾಯಿತಾ ಅಂತ ಒಂದು ಸಾಲು ಕೇಳಿ. ನೀರು ಸೋರುತ್ತಿದ್ದರೆ, ವೈರ್ ಸುಟ್ಟ ವಾಸನೆ ಬಂದರೆ, ಯಾವ ವಾಲ್ವ್, ಯಾವ ಮೇನ್ ಆಫ್ ಮಾಡಬೇಕು ಅಂತ ಫೋನಿನಲ್ಲೇ ಹೇಳಿಕೊಡಿ. ಅದಕ್ಕೆ ಎರಡು ನಿಮಿಷ ಸಾಕು.

ಹುಡುಗರನ್ನ ಕೆಲಸಕ್ಕೆ ಕಳಿಸ್ತೀನಿ. ಗಿರಾಕಿಗಳು ಅವರನ್ನೇ ನೆನಪಿಟ್ಟುಕೊಂಡು ನೇರ ಕರೀತಾರೆ. ಏನು ಮಾಡ್ಲಿ?

ಅದು ಸಹಜ. ಜನ ನೆನಪಿಡುವುದು ಮನೆಗೆ ಬಂದವರನ್ನು. ಹುಡುಗರು ನಂಬರ್ ಕೊಡದಂತೆ ಬೈದು ತಡೆಯಲಾಗುವುದಿಲ್ಲ. ಬದಲಿಗೆ ಒಬ್ಬರಿಂದ ಆಗದ್ದನ್ನು ನೀವು ಕೊಡಿ: ಮನೆಯ ಹಳೇ ದಾಖಲೆ, ಬರಹದಲ್ಲಿ ವಾರಂಟಿ, ಒಬ್ಬರು ಬರದಿದ್ದರೆ ಇನ್ನೊಬ್ಬರು. ಕೆಲಸ ಶುರುವಾಗುವ ಮುಂಚಿನ ಫೋನು, ಮುಗಿದ ಮೇಲಿನ ಫೋನು, ಎರಡೂ ನಿಮ್ಮದೇ ಆಗಿರಲಿ. ಹಳೇ ಗಿರಾಕಿ ಇಂಥ ಹುಡುಗನೇ ಬರಲಿ ಅಂತ ಕೇಳಿದರೆ ಅವನಿಗೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಡಿ. ಯಾವತ್ತೋ ಒಂದು ದಿನ ಅವನು ಸ್ವಂತ ಕೆಲಸ ಶುರು ಮಾಡುತ್ತಾನೆ. ಜಗಳ ಇಲ್ಲದೆ ಹೋದರೆ, ನಿಮಗೆ ಹೊತ್ತಿಲ್ಲದಾಗ ಕೊಡಬಹುದಾದ ಹೆಸರು ಅವನದೇ.

ವಯಸ್ಸಾಯ್ತು, ಕೆಲಸ ನಿಲ್ಲಿಸ್ತಿದ್ದೀನಿ. ಇಷ್ಟು ವರ್ಷದ ಗಿರಾಕಿಗಳ ಪುಸ್ತಕ ಏನು ಮಾಡಲಿ?

ಸುಮ್ನೆ ಯಾರಿಗೋ ಮಾರಬೇಡಿ. ಅದರಲ್ಲಿರುವುದು ಜನರ ವಿಳಾಸ, ಅವರ ಮನೆಯ ಒಳಗಿನ ವಿವರ. ಯಾರಿಗೆ ಒಪ್ಪಿಸುತ್ತೀರೋ ಅವರನ್ನು ಮೊದಲು ಕೆಲವು ಮನೆಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ಉಳಿದವರಿಗೆ ಮೆಸೇಜ್ ಮಾಡಿ: ನಾನು ನಿಲ್ಲಿಸುತ್ತಿದ್ದೇನೆ, ಇವರು ನನ್ನ ಜೊತೆ ಇಷ್ಟು ವರ್ಷ ಕೆಲಸ ಮಾಡಿದವರು, ನಿಮ್ಮ ಮನೆಯ ವಿವರ ಇವರಿಗೆ ಕೊಡಬಹುದಾ? ಸರಿ ಅಂದವರ ಪುಟ ಕೊಡಿ. ಬೇಡ ಅಂದವರ ಮತ್ತು ಉತ್ತರ ಕೊಡದವರ ಪುಟ ಹರಿದುಹಾಕಿ. ನಿಮ್ಮ ಹಳೇ ನಂಬರನ್ನು ಒಂದು ವರ್ಷವಾದರೂ ಚಾಲೂ ಇಟ್ಟು, ಬಂದ ಕರೆಗಳನ್ನು ಹೊಸಬರ ಕಡೆಗೆ ದಾಟಿಸಿ.